ಅವ್ವನ ಬದಲು ನಗಲು ಹೋದವನು

ಒಂದೂರಲ್ಲಿ ಸಾಕಮ್ಮ ಅಂತ ಒಬ್ಬಳಿದ್ದಳು ಕಣ್ರಪ್ಪ. ಅವಳಿಗೊಬ್ಬನೇ ಮಗ, ಮರಿಸಿದ್ದ. ವಯಸ್ಸು ಇಪ್ಪತ್ತೈದು, ಬುದ್ಧಿ ಇನ್ನೂ ಅಂಬೆಗಾಲು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಬಾಗಿಲು ನೋಡ್ಕೊಳ್ಳೋ ಅಂದರೆ ಬಾಗಿಲನ್ನೇ ನೋಡುತ್ತಾ ಕೂತಿರುತ್ತಿದ್ದ, ಹಿತ್ತಲಲ್ಲಿ ಕೋಳಿ ಕಳುವಾಗುತ್ತಿದ್ದರೂ.

ಸಾಕಮ್ಮ ಪಂಚಾಯ್ತಿ ಮೆಂಬರು. ಐದು ವರ್ಷ ಆಫೀಸಿಗೆ ಅಲೆದೂ ಅಲೆದೂ ಕೆಳಗಿನ ಬೀದಿಗೆ ನಲ್ಲಿ ತಂದವಳು. ಮೇಲಿನ ಬೀದಿಗೂ ತರಬೇಕು ಅಂತ ಈ ಸಲವೂ ಚುನಾವಣೆಗೆ ನಿಂತಳು. ಆದರೆ ನಾಲಿಗೆ ಖಾರ, ಮುಖ ಗಂಟು. ಎದುರಾಳಿ ಹೊಂಬಾಳಮ್ಮ ಊರಿಗಾಗಿ ಒಂದು ಕಡ್ಡಿ ಎತ್ತಿಟ್ಟವಳಲ್ಲ, ಕಂಡವರಿಗೆಲ್ಲ ನಗುವವಳು, ಅಷ್ಟೇ. ಊರು ಆ ನಗುವಿಗೇ ವಾಲುತ್ತಿತ್ತು. ಈಗ ನೆನೆದರೂ ಹೊಟ್ಟೆ ಉರಿಯುತ್ತದೆ.

"ನನಗೆ ನಗೋಕೆ ಬರಲ್ಲ ಕಣ್ಲಾ. ನೀನು ಮನೆಮನೆಗೂ ಹೋಗಿ ನಕ್ಕು ಬಾ," ಅಂದಳು ಸಾಕಮ್ಮ ಮಗನಿಗೆ.

ಹೋದ. ಮೊದಲ ಮನೆಯಲ್ಲೇ ಅಜ್ಜ ತೀರಿಕೊಂಡಿದ್ದ. ಹೆಣದ ಮುಂದೆ ನಿಂತು ಹಲ್ಲು ಕಿರಿದ. ಓಡಿಸಿಕೊಂಡು ಬಂದರು.

"ಅಯ್ಯೋ ಪೆದ್ದೇ, ಮೊದಲು ಕಷ್ಟಸುಖ ಕೇಳಬೇಕು ಕಣೋ. ಆಮೇಲೆ ವೋಟು ಕೇಳಬೇಕು."

ಮಾರನೇ ದಿನ ಒಬ್ಬ ಮುದುಕಿಯ ಮುಂದೆ ಕೂತ. ಅವಳು ಹೇಳುತ್ತಲೇ ಇದ್ದಳು, ಇವನು ಕೇಳುತ್ತಲೇ ಇದ್ದ. ಹೊತ್ತು ಮುಳುಗಿತು.

"ವೋಟು ಕೇಳಿದ್ಯೇನೋ?"

"ಇಲ್ಲ ಅವ್ವ, ಇನ್ನೂ ಕಷ್ಟವೇ ಮುಗಿದಿಲ್ಲ. ಸುಖ ನಾಳೆ ಹೇಳ್ತಾಳಂತೆ."

ಸಾಕಮ್ಮ ಹಣೆ ಚಚ್ಚಿಕೊಂಡಳು. "ಹಾಳಾಗ್ಲಿ. ಎಲ್ಲರಿಗೂ ಒಂದೇ ಮಾತು ಹೇಳು. ನಿಮ್ಮನ್ನ ಯಾರು ಚೆನ್ನಾಗಿ ನೋಡ್ಕೊಂಡ್ರು ಅಂತ ನೆನೆಸ್ಕೊಂಡು ಸೀಲು ಒತ್ತಿ ಅನ್ನು. ನೀನೂ ಹಂಗೇ ಒತ್ತಿ ಬಾ."

ಈ ಸಲ ತಪ್ಪಲಿಲ್ಲ. ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳಿದ. ಜನ ನಲ್ಲಿ ತಿರುಗಿಸುವಾಗ ಯೋಚನೆ ಮಾಡಿದರು. ಎಷ್ಟೋ ಮಂದಿ ಮನಸ್ಸು ಬದಲಾಯಿಸಿದರು.

ಎಣಿಕೆ ಮುಗಿಯಿತು. ಸಾಕಮ್ಮ ಸೋತಿದ್ದಳು, ಒಂದೇ ಒಂದು ವೋಟಿನಿಂದ. ಮೇಲಿನ ಬೀದಿಯ ನಲ್ಲಿ ಅಲ್ಲಿಗೆ ಮುಗಿಯಿತು.

"ಯಾವ ಪಾಪಿ ಕೈ ಕೊಟ್ಟನೋ," ಅಂತ ಜಗಲಿ ಮೇಲೆ ಕುಸಿದಳು.

"ನಾನೇ ಇರಬೇಕು ಅವ್ವ," ಅಂದ ಮರಿಸಿದ್ದ. "ಹೊಂಬಾಳಮ್ಮಂಗೆ ಒತ್ತಿದೆ. ದಾರೀಲಿ ತಲೆ ಸವರಿ, ಉಂಡ್ಯೇನಪ್ಪಾ ಅಂದಿದ್ಲು."

ಹೊಡೆಯಲು ಎದ್ದ ಕೈ ಅಲ್ಲೇ ನಿಂತಿತು. ಇಪ್ಪತ್ತೈದು ವರ್ಷ ಅನ್ನ ಇಕ್ಕಿದ್ದಳು, ಉಂಡೆಯಾ ಅಂತ ಒಂದು ದಿನ ಕೇಳಿರಲಿಲ್ಲ.

"ನನ್ನ ನೆನೆಸ್ಕೊಳ್ಳಲೇ ಇಲ್ವೇನೋ?"

"ನೆನೆಸ್ಕೊಂಡೆ ಅವ್ವ. ನೀನು ಯಾವತ್ತು ಹಂಗಂದಿದ್ದೆ ಅಂತ ಬಹಳ ಹೊತ್ತು ನೆನೆಸ್ಕೊಂಡೆ. ಹಿಂದೆ ಸಾಲು ನಿಂತಿತ್ತು, ಬೇಗ ಬೇಗ ಅಂತ ಕೂಗಿದ್ರು. ಇನ್ನೊಂಚೂರು ಹೊತ್ತು ಬಿಟ್ಟಿದ್ರೆ ನೆನಪಾಗ್ತಿತ್ತೇನೋ."