ಬೇಹಿನ ಸವಾರ

ನದಿಯ ದಡದಲ್ಲಿ ರೇವಯ್ಯ ಎಂಬ ಗುರುಗಳಿದ್ದರು. ಒಂದು ಕಾಲಕ್ಕೆ ಕಂಪ್ಯೂಟರಿನಲ್ಲಿ ಆಡುವ ಯುದ್ಧದ ಆಟಗಳನ್ನು ಕಟ್ಟಿದವರು. ಈಗ ಅದೇ ವಿದ್ಯೆಯನ್ನು ನಾಲ್ಕಾರು ಮಂದಿಗೆ ಕಲಿಸುತ್ತಿದ್ದರು. ಊರವರು ಆ ಮನೆಯನ್ನು ಆಶ್ರಮ ಎನ್ನುತ್ತಿದ್ದರು. ಗುರುಗಳು ನಕ್ಕು ಸುಮ್ಮನಾಗುತ್ತಿದ್ದರು.

ಅಲ್ಲಿ ಒಂದು ಕಟ್ಟುಪಾಡಿತ್ತು. ಯಾರ ಆಟದ ಬಗ್ಗೆ ಮಾತಾಡಬೇಕಾದರೂ ಮೊದಲು ಅದನ್ನು ಆಡಿರಬೇಕು.

ಒಂದು ಬೆಳಗ್ಗೆ ಶಿಷ್ಯ ಶರಭ ಬಂದು ನಿಂತ. ಮುಖ ಬಿಗಿದುಕೊಂಡಿತ್ತು.

“ಗುರುಗಳೇ, ನಿರುಪಾದಿಯ ಆಟ ಹೊರಬಂದಿದೆ. ಪೂರಾ ನನ್ನ ಆಟವೇ. ಕಳ್ಳ ಅಂತ ನಾಲ್ಕು ಜನಕ್ಕೆ ತಿಳಿಯುವ ಹಾಗೆ ಬರೆಯುತ್ತೇನೆ. ನಿಮ್ಮ ಅಪ್ಪಣೆ ಬೇಕು.”

ಶರಭ, ನಿರುಪಾದಿ ಇದೇ ಆಶ್ರಮದಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು. ಇಬ್ಬರೂ ಸೇರಿ ಒಂದು ಆಟ ಕಟ್ಟುತ್ತಿದ್ದರು. ಅದರಲ್ಲಿ ಶತ್ರುವಿನ ನೆಲ ನೋಡಿ ಬರಲು ಮೊದಲು ಹೊರಡುವ ಬೇಹಿನ ಸವಾರನೊಬ್ಬ. ಆಡುವವನ ಅಪ್ಪಣೆ ಇಲ್ಲದಾಗ ಅವನು ಮನೆಯ ಕಡೆ ತಿರುಗಿ ನಿಲ್ಲಲಿ ಎಂದಿದ್ದ ನಿರುಪಾದಿ.

ಶರಭ ಎಲ್ಲರೆದುರು ನಕ್ಕಿದ್ದ. “ದಂಡಿಗೆ ಹೋದವನಿಗೆ ಮನೆಯ ಚಿಂತೆಯೇ? ನಿನಗೆ ಅಷ್ಟು ನೆನಪಾದರೆ ನೀನೇ ಹೋಗು ಮಾರಾಯ.”

ಮಾರನೆಯ ದಿನ ನಿರುಪಾದಿ ಹರಿಗೋಲು ಹತ್ತಿ ಹೊರಟುಹೋದ. ಶರಭ ತಡೆಯಲಿಲ್ಲ.

ಅಂದಿನಿಂದ ಹರಿಗೋಲು ದಡಕ್ಕೆ ತಾಗಿದ ಸದ್ದಾದರೆ ಶರಭನ ಕತ್ತು ತಾನಾಗಿ ಆ ಕಡೆ ತಿರುಗುತ್ತಿತ್ತು. ಯಾರೂ ನೋಡಲಿಲ್ಲ ಎಂದುಕೊಂಡು ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದ.

“ಏನೇನು ಕದ್ದ?” ಗುರುಗಳು ಕೇಳಿದರು.

“ಎಲ್ಲ. ಚಿನ್ನ ಅಗೆದು ಹೊರುವ ಕೂಲಿ. ಕುದುರೆಯನ್ನು ತಡೆಯುವ ಭರ್ಜಿಯವನು. ಅವನನ್ನು ದೂರದಿಂದ ಹೊಡೆಯುವ ಬಿಲ್ಲುಗಾರ. ಬಿಲ್ಲುಗಾರನನ್ನು ತುಳಿಯುವ ಕುದುರೆ.”

“ನನ್ನ ಆಟದಲ್ಲೂ ಇವರೇ ಇದ್ದರಲ್ಲ.”

“ನಿಮ್ಮದು ಬೇರೆ, ಗುರುಗಳೇ.”

“ಏನು ಬೇರೆ? ನಾನು ಆಡಿದ ಆಟಗಳಲ್ಲೂ ಇವರೇ. ಒಂದರಲ್ಲಿ ಕೂಲಿ ಮನುಷ್ಯ, ಇನ್ನೊಂದರಲ್ಲಿ ಯಂತ್ರ, ಮತ್ತೊಂದರಲ್ಲಿ ಹುಳ. ವೇಷ ಬದಲಾಯಿತು, ಹೊರುವುದು ತಪ್ಪಲಿಲ್ಲ.”

“ಬೇಹಿನ ಸವಾರನೂ ಇದ್ದಾನೆ. ಮೈಮೇಲೆ ಕವಚವಿಲ್ಲ, ಕೈಯಲ್ಲಿ ಕತ್ತಿಯಿಲ್ಲ. ಓಟ, ದೂರದ ಕಣ್ಣು, ಅಷ್ಟೇ. ಹಾಗೇ ಇದ್ದಾನೆ.”

“ಕಾಣದ ನೆಲದ ಕತ್ತಲೆಯೊಳಕ್ಕೆ ಮೊದಲು ಒಬ್ಬನನ್ನು ಕಳಿಸಲೇಬೇಕು, ಶರಭ. ಭಾರ ಹೊರಿಸಿದರೆ ಅವನು ಓಡುತ್ತಾನೆಯೇ?”

ಗುರುಗಳು ಮತ್ತೆ ಕೇಳಿದರು.

“ಆಡಿ ನೋಡಿದೆಯಾ?”

“ಇಲ್ಲ. ಚಿತ್ರಗಳನ್ನು ನೋಡಿದೆ.”

ಗುರುಗಳು ತಮ್ಮ ಕಂಪ್ಯೂಟರನ್ನು ಅವನ ಮುಂದೆ ಸರಿಸಿದರು. ಅದರಲ್ಲಿ ನಿರುಪಾದಿಯ ಆಟ ಆಗಲೇ ತೆರೆದಿತ್ತು.

ಪರದೆಯ ತುಂಬ ಕತ್ತಲೆ. ಒಂದು ಮನೆಯ ಸುತ್ತ ಮಾತ್ರ ಬೆಳಕು. ಶರಭ ಸವಾರನನ್ನು ಕಳಿಸಿದ. ಅವನು ಹೋದಲ್ಲೆಲ್ಲ ನೆಲ ತೆರೆದುಕೊಂಡಿತು. ಅವನು ದಾಟಿದ ಮೇಲೆ ಮಂಕಾಯಿತು. ಗುಡ್ಡ ಕಾಣುತ್ತದೆ, ಮರ ಕಾಣುತ್ತದೆ. ಈಗ ಅಲ್ಲಿ ಯಾರಿದ್ದಾರೆ ಎಂಬುದು ಕಾಣುವುದಿಲ್ಲ.

ಇಂಥ ಎಲ್ಲ ಆಟಗಳಲ್ಲೂ ಹೀಗೇ. ಶರಭ ಅದನ್ನು ಎಷ್ಟೋ ಸಲ ಕಂಡವನು. ಇವತ್ತು ಯಾಕೋ ಆ ಮಂಕಾದ ನೆಲವನ್ನೇ ನೋಡುತ್ತ ಕುಳಿತ.

ಹೊರಗೆ ಹರಿಗೋಲು ದಡಕ್ಕೆ ತಾಗಿತು.

ಅವನ ಕೈ ಮೌಸನ್ನು ಬಿಟ್ಟಿತು. ಕತ್ತು ತಿರುಗಿತು. ಸೊಪ್ಪಿನ ಹೊರೆ ಹೊತ್ತ ಹೆಂಗಸೊಬ್ಬಳು ಇಳಿದಳು. ಅವಳ ಹಿಂದೆ ಯಾರೂ ಇರಲಿಲ್ಲ.

“ಬಂದವರು ಯಾರು?” ಗುರುಗಳು ಕೇಳಿದರು.

“ಯಾರೂ ಅಲ್ಲ.”

ಶರಭ ಪರದೆಗೆ ಮರಳಿದ. ಅಪ್ಪಣೆ ಇಲ್ಲದೆ ಉಳಿದ ಸವಾರ ಕತ್ತಲೆಯ ಅಂಚಿನಲ್ಲಿ ಕುದುರೆಯನ್ನು ಮೆಲ್ಲಗೆ ತಿರುಗಿಸಿದ್ದ. ತಾನು ಬಂದ ದಾರಿಯ ಕಡೆಗೆ ಮುಖ ಮಾಡಿ ನಿಂತಿದ್ದ.



“ಇದು ನನ್ನದಲ್ಲ,” ಎಂದ ಶರಭ.

“ಯಾವುದು?”

“ನನ್ನ ಸವಾರ ಶತ್ರುವಿನ ಕಡೆಗೇ ನೋಡುತ್ತಿರುತ್ತಾನೆ. ಇವನು ಮನೆಯ ಕಡೆ ತಿರುಗಿದ್ದಾನೆ.”

ಶರಭ ಗುರುಗಳ ಕಡೆ ತಿರುಗಿದ.

“ಈಗ ನಾನು ಏನು ಬರೆಯಲಿ, ಗುರುಗಳೇ?”

ಗುರುಗಳು ಕನ್ನಡಕ ಹಾಕಿಕೊಂಡು ಪರದೆಗೆ ಬಗ್ಗಿದರು. ಸವಾರನನ್ನು ಹತ್ತಿರದಿಂದ ನೋಡಿದರು.

“ಪಾಪ, ಅವನು ಹಾಗೆ ನಿಂತು ಎಷ್ಟು ಹೊತ್ತಾಯಿತು?”