ಗೇಟು ಮುಚ್ಚಿದ ವರ್ಷದ ಕುರಿಂಜಿ

ಸೋಂಕಿನ ವರ್ಷ ಬೆಟ್ಟದ ಗೇಟು ಒಂದು ವಾರ ತೆರೆದರೆ ಎರಡು ವಾರ ಮುಚ್ಚಿರುತ್ತಿತ್ತು. ಪ್ರವಾಸಿಗರನ್ನು ಶಿಖರಕ್ಕೆ ಹೊತ್ತೊಯ್ಯುತ್ತಿದ್ದ ಕುದುರೆಗೆ ಕೆಲಸವಿರಲಿಲ್ಲ. "ನಿನಗೆ ಹುರುಳಿ ತರಲೂ ಗತಿಯಿಲ್ಲ. ಶುಕ್ರವಾರದೊಳಗೆ ಗೇಟು ತೆಗೆಯದಿದ್ದರೆ ಕೆಳಗಿನ ಇಟ್ಟಿಗೆ ಗೂಡಿನವರಿಗೆ ನಿನ್ನನ್ನು ಮಾರಲೇಬೇಕು" ಎಂದು ಒಡೆಯ ಮುನೀರ್ ಹೇಳಿದ್ದ.

ಇಳಿಜಾರಿನಲ್ಲಿ ಮೇಯುತ್ತಿದ್ದ ಕುದುರೆ ಕುರಿಂಜಿ ಗಿಡವನ್ನು ಕೇಳಿತು: "ಗೇಟು ಯಾವಾಗ ತೆಗೆಯುತ್ತಾರೆ?"

"ನನಗೆ ತಿಳಿಯದು" ಎಂದಿತು ಗಿಡ.

"ಮತ್ತೆ ಇಷ್ಟು ನೆಮ್ಮದಿಯಾಗಿ ಹೇಗಿದ್ದೀಯೆ?"

"ಹೂ ಬಿಡಲು ಹನ್ನೆರಡು ವರ್ಷದಿಂದ ಕಾದಿದ್ದೇನೆ. ಯಾವ ದಿನವೆಂದು ನನಗೂ ಯಾರೂ ಹೇಳಿಲ್ಲ. ಅಲ್ಲಿಯವರೆಗೆ ಬೇರು ಇಳಿಸುವುದು ನನ್ನ ಕೆಲಸ."

"ಅರಳಿದಾಗ ನೋಡಲು ಯಾರೂ ಬರದಿದ್ದರೆ?"

"ಆಗಲೂ ಅರಳುತ್ತೇನೆ."

ಶುಕ್ರವಾರವೂ ಗೇಟು ತೆರೆಯಲಿಲ್ಲ. ಕುದುರೆಯನ್ನು ಕರೆದೊಯ್ಯಲು ಮುನೀರ್ ಬೆಟ್ಟ ಹತ್ತಿದ. ಕೊನೆಯ ತಿರುವು ದಾಟಿದವನು ನಿಂತೇಬಿಟ್ಟ. ಕಣ್ಣು ಹಾಯುವಷ್ಟು ದೂರ ಬೆಟ್ಟವೆಲ್ಲ ನೀಲಿಯಾಗಿತ್ತು. ಜೇನುಹುಳುಗಳ ಝೇಂಕಾರವಲ್ಲದೆ ಬೇರೇನೂ ಕೇಳಿಸುತ್ತಿರಲಿಲ್ಲ. ಕುದುರೆ ಹೂಗಳಲ್ಲಿ ಎದೆಯವರೆಗೆ ಮುಳುಗಿ, ಮೇಯುವುದನ್ನೂ ಮರೆತು ನಿಂತಿತ್ತು.

ಮುನೀರ್ ಚಪ್ಪಲಿ ಕಳಚಿಟ್ಟು ಅದರ ಪಕ್ಕಕ್ಕೆ ಬಂದ.

"ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೆ" ಎಂದ, ಕುದುರೆಯ ಕತ್ತು ಸವರುತ್ತ. "ಇವೆಲ್ಲ ನೆಲದೊಳಗೇ ಇದ್ದವು, ನನಗೆ ಮರೆತೇಹೋಗಿತ್ತು. ಹುರುಳಿ ಇಲ್ಲದಿದ್ದರೇನು, ಹುಲ್ಲಿದೆ. ಗೇಟು ತೆಗೆಯುವವರೆಗೆ ಹೀಗೇ ಇದ್ದುಬಿಡೋಣ."

ಹೊತ್ತು ಇಳಿಯುವವರೆಗೂ ಇಬ್ಬರೂ ಅಲ್ಲಿಂದ ಕದಲಲಿಲ್ಲ.