ನಾನೂರ ಎಂಬತ್ತು ಡೆಸಿಬಲ್

ಬನಹಟ್ಟಿಯ ನೇಕಾರ್ತಿ ಕಲಾವತಿಯ ಶೆಡ್ಡಿನಲ್ಲಿ ಎಂಟು ವಿದ್ಯುತ್ ಮಗ್ಗಗಳಿದ್ದವು. ಶಬ್ದ ಅಳೆಯಲು ಬಂದ ಸಾಹೇಬರು ಕಾಂಪೌಂಡಿನ ಹೊರಗೆ ಮೀಟರು ಹಿಡಿದು, ಒಂದೇ ಮಗ್ಗ ಚಾಲೂ ಮಾಡಿಸಿದರು. ಅರವತ್ತು ಡೆಸಿಬಲ್ ತೋರಿಸಿತು.

"ಎಂಟು ಮಗ್ಗಕ್ಕೆ ನಾನೂರ ಎಂಬತ್ತು. ಮಿತಿ ಎಪ್ಪತ್ತೈದು. ನಾಳೆ ಶೆಡ್ಡಿಗೆ ಬೀಗ," ಎಂದು ಹಾಳೆಯ ಮೇಲೆ ಬರೆದೇಬಿಟ್ಟರು.

ಕಲಾವತಿ ಕೈಮುಗಿದಳು. "ಆಗ್ಲಿ ಸಾಹೇಬ್ರ. ಎಂಟೂ ಹಚ್ಚತೀನಿ, ಇಲ್ಲೇ ನಿಂತು ಸಹಿ ಮಾಡ್ರಿ. ವಿಮಾನದ ಮಗ್ಗಲಿಗೆ ನಿಂತ್ರೂ ನೂರಾ ಐವತ್ತು ದಾಟಂಗಿಲ್ಲಂತ. ನಾನೂರ ಎಂಬತ್ತರಾಗ ಜೀವಂತ ನಿಂತು ಸಹಿ ಮಾಡಿದವ್ರು ಅಂತ ನಿಮ್ಮ ಫೋಟೋ ಪೇಪರಿಗೆ ಕೊಡ್ತೀನಿ."

ಎಂಟೂ ಮಗ್ಗ ಶುರುವಾದವು. ಮೀಟರು ಅರವತ್ತೊಂಬತ್ತಕ್ಕೆ ನಿಂತಿತು. ಸಾಹೇಬರು ಅದನ್ನು ತಟ್ಟಿದರು, ಸೆಲ್ ಬದಲಿಸಿದರು. ಅದು ಮೇಲೇರಲಿಲ್ಲ.

"ಸದ್ದು ದುಪ್ಪಟ್ಟಾದ್ರ ಮೀಟರು ಮೂರೇ ಏರತೈತ್ರಿ. ಮಗ್ಗ ಕೂಡಿಸಿದಾಗೆಲ್ಲ ನಾನೂ ಫೋನಿನ್ಯಾಗ ಅಳದೀನಿ," ಎಂದಳು ಕಲಾವತಿ. "ಒಂದು ಎರಡಾತು, ಎರಡು ನಾಕಾತು, ನಾಕು ಎಂಟಾತು. ಮೂರು ಸಲ ಮೂರು, ಒಂಬತ್ತು. ನಿಮ್ಮ ಮೀಟರಿಗೂ ಗೊತ್ತೈತಿ. ಈಗ ಸಹಿ ಮಾಡ್ರಿ."

ಸಾಹೇಬರು ಹಾಳೆಯನ್ನು ಜೇಬಿಗೆ ತುರುಕಿ ಜೀಪಿನತ್ತ ನಡೆದರು. "ಮಗ್ಗದ ಗದ್ದಲದಲ್ಲಿ ಏನೂ ಕೇಳಿಸ್ತಿಲ್ಲಮ್ಮ."

"ಅರವತ್ತೊಂಬತ್ತಕ್ಕೇ ಕಿವುಡಾದ್ರ್ಯಾ ಸಾಹೇಬ್ರ?" ಎಂದಳು ಕಲಾವತಿ.